ಸಿಮೆಂಟಿನ ಹಳ್ಳಿ ನೋಡಲು ಹೊರಟಿದ್ದೀರಾ? ಅಜ್ಜಿಯನ್ನೂ ಕರೆದುಕೊಂಡು ಹೋಗಿ

ಹಳ್ಳಿ ಬದುಕನ್ನು ಸಿಮೆಂಟಿನ ಶಿಲ್ಪಗಳಲ್ಲೋ ಹಳೇ ಮನೆಗಳಲ್ಲೋ ತೋರಿಸುವ ತಾಣಗಳ ಮಾತಿದು. ಮೊದಲು, ನೋಡಲು ಹೊರಟಿರುವುದು ಎಂಥ ಹಳ್ಳಿ ಅಂತ ತಿಳಿದುಕೊಳ್ಳಿ. ಎಲ್ಲವೂ ಒಂದೇ ಅಲ್ಲ. ಕಾರವಾರದ ಟ್ಯಾಗೋರ್ ಕಡಲತೀರದ ರಾಕ್ ಗಾರ್ಡನ್‌ನಲ್ಲಿರುವುದು ಹಾಲಕ್ಕಿ, ಸಿದ್ದಿ ಮುಂತಾದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಮುದಾಯಗಳ ಜನರ ಆಳೆತ್ತರದ ಶಿಲ್ಪಗಳು. ಶಿಗ್ಗಾವಿ ಹತ್ತಿರ, ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್ನೂ ಶಿಲ್ಪಗಳದ್ದೇ, ಅದು ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು. ಮಣಿಪಾಲದ ಹಸ್ತಶಿಲ್ಪದ ಕಥೆಯೇ ಬೇರೆ. ವಿಜಯನಾಥ ಶೆಣೈಯವರು ಬೀಳಲಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು, ಅಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ನಮ್ಮ ಭಟ್ಕಳದ ನವಾಯತ ಮುಸ್ಲಿಮರ ಮನೆಯೂ ಅಲ್ಲಿದೆ! ಹೀಗೆ ಹಳೇ ಮನೆಗಳನ್ನು ತಂದು ನಿಲ್ಲಿಸುವ ಕೆಲಸ 1891ರಲ್ಲೇ ಸ್ವೀಡನ್‌ನ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯದಲ್ಲಿ ಶುರುವಾಗಿತ್ತು.

ಶಿಲ್ಪಗಳಿಗೆ ಒಂದು ಸಂಜೆ ಸಾಕು. ಮನೆಗಳಿಗೆ ಅರ್ಧ ದಿನ ಇಟ್ಟುಕೊಳ್ಳಿ. ಹೊರಡುವ ಮುಂಚೆ ಫೋನ್ ಮಾಡಿ, ತೆರೆದಿದೆಯಾ, ಒಳಗೆ ಫೋಟೊ ತೆಗೆಯಬಹುದಾ ಕೇಳಿ.

ಇನ್ನು ಮುಖ್ಯವಾದದ್ದು. ಮನೆಯಲ್ಲಿ ವಯಸ್ಸಾದವರಿದ್ದರೆ ಕಾರಿನಲ್ಲಿ ಅವರಿಗೆ ಮೊದಲು ಜಾಗ ಮಾಡಿ. ಒಮ್ಮೆ ಒಂದು ಜಾನಪದ ಸಂಗ್ರಹಾಲಯದಲ್ಲಿ ನಾನು ಸರಸರ ಮುಂದೆ ಹೋಗಿದ್ದೆ, ಅಜ್ಜಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ನಿಂತುಬಿಟ್ಟಿದ್ದರು. ‘ತಮಾ, ಇದು ನಮ್ಮನೆ ಅಟ್ಟದ ಮೇಲೂ ಇದ್ದು’ ಅಂದರು. ಆಮೇಲೆ ಅರ್ಧ ಗಂಟೆ, ಲಾಟೀನು ಬೆಳಕಲ್ಲಿ ರಾತ್ರಿಯಿಡೀ ಸುಲಿಯುತ್ತಿದ್ದದ್ದು, ನಿದ್ದೆ ಬಾರದಂತೆ ಯಾರೋ ಕಥೆ ಹೇಳುತ್ತಿದ್ದದ್ದು, ಕೈ ಕೊಯ್ದುಕೊಂಡದ್ದು, ಎಲ್ಲಾ ಬಂತು. ಪಕ್ಕದ ಫಲಕದಲ್ಲಿ ಇದ್ದದ್ದು ಒಂದೇ ಸಾಲು. ಹಾಗಾಗಿ ಎಲ್ಲವನ್ನೂ ನೋಡುವ ಹಟ ಬೇಡ. ನಾಲ್ಕು ವಸ್ತು ಆರಿಸಿಕೊಳ್ಳಿ, ಇದನ್ನು ಯಾರು ಮಾಡುತ್ತಿದ್ದರು, ಯಾರ ಕೈಯಲ್ಲಿ ಇರುತ್ತಿತ್ತು ಅಂತ ಕೇಳುತ್ತಾ ಹೋಗಿ. ಅಜ್ಜಿ ಸಿಗದಿದ್ದರೆ ಅಲ್ಲಿನ ಕಾವಲುಗಾರರನ್ನಾದರೂ ಮಾತಾಡಿಸಿ, ಎಷ್ಟೋ ಸಲ ಅವರೂ ಅದೇ ಊರ ಕಡೆಯವರೇ ಆಗಿರುತ್ತಾರೆ.

ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಹಾಲಕ್ಕಿ ಅಜ್ಜಿಯ ಶಿಲ್ಪ ನೋಡಿ ‘ಹಿಂದಿನ ಕಾಲದವರು’ ಅಂದುಬಿಡುತ್ತವೆ. ಹಿಂದಿನ ಕಾಲ ಎಲ್ಲಿಂದ ಬಂತು? ಜನಪದ ಹಾಡಿಗೆ 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡರು ಇದೇ ಅಂಕೋಲಾದ ಬಡಗೇರಿಯವರು, 2025ರವರೆಗೂ ನಮ್ಮ ಜೊತೆ ಇದ್ದರು. ಹಾಲಕ್ಕಿಗಳ ಸುಗ್ಗಿ ಕುಣಿತದಲ್ಲಿ ತಲೆಯ ಮೇಲಿನ ಬಣ್ಣದ ತುರಾಯಿ ಈಗಲೂ ಕುಣಿಯುವುದನ್ನು ನೋಡಬೇಕಾ? ಹೋಳಿ ಹುಣ್ಣಿಮೆ ಹೊತ್ತಿಗೆ ಅಂಕೋಲಾ ಕಡೆ ಬನ್ನಿ, ಸುಗ್ಗಿ ತಂಡಗಳು ಮನೆಮನೆಗೆ ಬರುತ್ತವೆ.

ಆದರೆ ಅದು ಪ್ರದರ್ಶನ ಅಲ್ಲ, ಅವರ ಹಬ್ಬ. ಶಿಲ್ಪದ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆದ ಹಾಗೆ ಇಲ್ಲಿ ಮಾಡಬೇಡಿ, ಮೊದಲು ಕೇಳಿ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹೊಲಿದ ಕೌದಿ ಸಿಕ್ಕಿದರೆ, ಹಳೇ ಬಟ್ಟೆ ತಾನೇ ಅಂತ ಚೌಕಾಶಿಗೂ ಇಳಿಯಬೇಡಿ. ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿನವರೆಗೆ ಕೈಯಲ್ಲೇ ಹೊಲಿದದ್ದು ಅದು. ಹೇಳಿದ ಬೆಲೆ ಕೊಟ್ಟು ತನ್ನಿ.