ಒಂದು ಹಾಡಿಗೆ ಮೂರು ಮನೆ ಬಾಗಿಲು

ಹನುಮಂತನಗರದ ನಮ್ಮ ಮನೆಯ ಮಹಡಿ ಕೋಣೆಯಿಂದ ನಾನೊಂದು ಪುಟ್ಟ ಇಂಟರ್ನೆಟ್ ರೇಡಿಯೋ ನಡೆಸುತ್ತೇನೆ. ಭಾವಗೀತೆ, ತತ್ವಪದ, ಜನಪದ, ಈಗಿನ ಹುಡುಗ ಹುಡುಗಿಯರು ತಾವೇ ಬರೆದು ಹಾಡಿದ್ದು, ಇಷ್ಟೇ. ಜಾಹೀರಾತು ಇಲ್ಲ. ಮಾಮೂಲಿ ದಿನ ಒಂದು ಹೊತ್ತಿಗೆ ಇಪ್ಪತ್ತು ಮೂವತ್ತು ಜನ ಕೇಳುತ್ತಾರೆ. ಭಾನುವಾರ ಬೆಳಿಗ್ಗೆ ಎಂಬತ್ತು ದಾಟುತ್ತದೆ. ತಾವೂ ಶುರು ಮಾಡಬೇಕು ಅಂತಿರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇಷ್ಟು ಸಣ್ಣದಕ್ಕೂ ಲೈಸೆನ್ಸ್ ಬೇಕಾ? ಬೇಕು. ಆದರೆ ಅದು ಕೈಗೆಟುಕದ ವಿಷಯವಲ್ಲ. ನಾನು ಹೇಗೆ ಮಾಡಿದೆ ಅನ್ನುವುದನ್ನು ಹೇಳುತ್ತೇನೆ.

ರೇಡಿಯೋ ಕಟ್ಟುವುದು ಸುಲಭ. ಐಸ್‌ಕಾಸ್ಟ್, ಅಜುರಾಕಾಸ್ಟ್ ಎರಡೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಬಾಡಿಗೆ ಸರ್ವರ್ ಮೇಲೆ ಎರಡು ಸಂಜೆಯಲ್ಲಿ ಹಾಕಿ ಮುಗಿಸಿದೆ. ಸೆಕೆಂಡಿಗೆ 128 ಕಿಲೋಬಿಟ್ ವೇಗದಲ್ಲಿ ಒಬ್ಬರು ಒಂದು ಗಂಟೆ ಕೇಳಿದರೆ ಸುಮಾರು 58 ಎಂಬಿ ಖರ್ಚಾಗುತ್ತದೆ. ಈ ಲೆಕ್ಕ ಗೊತ್ತಿದ್ದರೆ ಸಾಕು. ಎಫ್‌ಎಂ ಥರ ತರಂಗಾಂತರದ ಪರವಾನಗಿ ಬೇಡ. ಅದಕ್ಕೇ ನಾನು ಯಾವ ಅನುಮತಿಯೂ ಬೇಡ ಅಂದುಕೊಂಡುಬಿಟ್ಟೆ. ಮನೆಯಲ್ಲಿದ್ದ ಸಿ.ಡಿ.ಗಳೆಲ್ಲ ದುಡ್ಡು ಕೊಟ್ಟು ತಂದವೇ. ಹಾಕಿದೆ.

ಮೂರನೇ ತಿಂಗಳು ಒಂದು ಮ್ಯೂಸಿಕ್ ಕಂಪನಿಯಿಂದ ಮೇಲ್ ಬಂತು. ಹನ್ನೊಂದು ಹಾಡುಗಳ ಪಟ್ಟಿ. ಒಂದೊಂದರ ಮುಂದೆಯೂ ಅದು ಪ್ರಸಾರವಾದ ದಿನ, ಗಂಟೆ, ನಿಮಿಷ. ಓದುತ್ತಾ ಕೈ ತಣ್ಣಗಾಯಿತು. ಅವರ ಮಾತು ಸರಿಯೇ ಇತ್ತು. ಸಿ.ಡಿ. ಕೊಂಡರೆ ನಾವು ಕೇಳಬಹುದು, ಊರಿಗೆಲ್ಲ ಕೇಳಿಸುವ ಹಕ್ಕು ಅದರ ಜೊತೆ ಬರುವುದಿಲ್ಲ. ತಿಂಗಳ ಚಂದಾ ಕಟ್ಟಿದ ಆ್ಯಪ್‌ನಿಂದ ಹಾಡು ಹಾಯಿಸಿದರೂ ಅಷ್ಟೇ. ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಅಂತಿದೆ. ಲಾಭಕ್ಕಾಗಿ ಮಾಡಿದ್ದಲ್ಲ ಅಂದರೆ ಕೋರ್ಟ್ ಶಿಕ್ಷೆ ಕಡಿಮೆ ಮಾಡಬಹುದು. ಆದರೂ ಅದು ಅಪರಾಧವೇ. ಅವತ್ತೇ ರಾತ್ರಿ ಸ್ಟ್ರೀಮ್ ನಿಲ್ಲಿಸಿ, ಕ್ಷಮೆ ಕೇಳಿ ಉತ್ತರ ಬರೆದೆ. ಆಮೇಲೆ ನಾಲ್ಕು ತಿಂಗಳು ರೇಡಿಯೋ ಮಾತಾಡಲಿಲ್ಲ. ನಾನು ಕಾಯ್ದೆ ಓದುತ್ತಾ ಕೂತೆ.

ಓದಿದಾಗ ಗೊತ್ತಾದ ಮೊದಲ ವಿಷಯ, ಒಂದು ಹಾಡು ಅಂದರೆ ಕಾನೂನಿನ ಕಣ್ಣಿಗೆ ಮೂರು ಸ್ವತ್ತು. ಸಾಹಿತ್ಯ ಒಂದು, ರಾಗಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ಶಿಶುನಾಳ ಶರೀಫರ ಒಂದು ಪದವನ್ನೇ ಬಿಡಿಸಿ ನೋಡೋಣ. ಬರೆದವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಅವರ ಹಕ್ಕು ಉಳಿಯುತ್ತದೆ. ಶರೀಫರು ಹೋದದ್ದು 1889ರಲ್ಲಿ. ಹಾಗಾಗಿ ಪದ ಎಲ್ಲರದು. ಆದರೆ ನಮ್ಮ ಬಾಯಲ್ಲಿರುವ ಧಾಟಿ ಸಿ. ಅಶ್ವಥ್ ಹಾಕಿದ್ದಾದರೆ? ಅವರು ತೀರಿಕೊಂಡದ್ದು 2009ರಲ್ಲಿ. ಆ ಧಾಟಿಯ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಇನ್ನು ಕ್ಯಾಸೆಟ್. ಧ್ವನಿಮುದ್ರಣ ಸಾಮಾನ್ಯವಾಗಿ ಅದನ್ನು ಮಾಡಿಸಿದ ಕಂಪನಿಯದು, ಹಾಡಿದವರದ್ದಲ್ಲ. ಅದು ಪ್ರಕಟವಾದ ಮುಂದಿನ ಜನವರಿಯಿಂದ ಮತ್ತೆ 60 ವರ್ಷ. "ಶರೀಫರ ಪದ ತಾನೇ, ಹಾಕು" ಅನ್ನುವವರು ಮೂರರಲ್ಲಿ ಒಂದು ಬಾಗಿಲನ್ನು ಮಾತ್ರ ನೋಡಿರುತ್ತಾರೆ.

ಇದು ತಿರುಗುಮುರುಗಾಗುವುದೂ ಉಂಟು. 1958ರಲ್ಲಿ ಬಂದ ಗ್ರಾಮಫೋನ್ ತಟ್ಟೆಯ ಧ್ವನಿಮುದ್ರಣದ ಹಕ್ಕು 2018ರ ಕೊನೆಗೆ ಮುಗಿದಿದೆ. ಆದರೆ ಅದರಲ್ಲಿರುವುದು ಬೇಂದ್ರೆಯವರ ಕವಿತೆಯಾದರೆ ಸಾಹಿತ್ಯದ ಹಕ್ಕು ಇನ್ನೂ ಜೀವಂತ. ಅವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಕೇಳಿಯೇ ಹಾಕಬೇಕು. ನಾನು ಈ ಲೆಕ್ಕವನ್ನು ಒಂದು ಉದ್ದ ನೋಟ್‌ಬುಕ್‌ನಲ್ಲಿ ಮೂರು ಗೆರೆ ಎಳೆದು ಬರೆದುಕೊಂಡೆ. ಮೂರೂ ಮನೆ ತುಂಬಿದ ಹಾಡು ಮಾತ್ರ ಸರ್ವರ್‌ಗೆ ಹೋಗುತ್ತದೆ.

ಯಾರನ್ನು ಕೇಳಬೇಕು? ಸಾಹಿತ್ಯ ಮತ್ತು ರಾಗಸಂಯೋಜನೆಗೆ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಇದೆ, ಬರೆದವರ, ರಾಗ ಹಾಕಿದವರ ಪರವಾಗಿ ಲೈಸೆನ್ಸ್ ಕೊಟ್ಟು ದುಡ್ಡು ಸಂಗ್ರಹಿಸುತ್ತದೆ. 1969ರಲ್ಲಿ ಶುರುವಾದ ಸಂಸ್ಥೆ, 2017ರಲ್ಲಿ ಕಾಪಿರೈಟ್ ಸೊಸೈಟಿಯಾಗಿ ಮತ್ತೆ ನೋಂದಣಿಯಾಯಿತು. ಧ್ವನಿಮುದ್ರಣಕ್ಕೆ ಪಿಪಿಎಲ್ (ಫೋನೋಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್). ಹಲವು ಕಂಪನಿಗಳು ಅದರ ಮೂಲಕ ಲೈಸೆನ್ಸ್ ಕೊಡುತ್ತವೆ. ತಾವೇ ನೋಡಿಕೊಳ್ಳುವ ಕಂಪನಿಗಳೂ ಇವೆ, ಅವರನ್ನು ನೇರವಾಗಿ ಕೇಳಬೇಕು. ಒಂದು ಕಡೆಯ ಕಾಗದ ಇನ್ನೊಂದು ಕಡೆಗೆ ನಡೆಯುವುದಿಲ್ಲ. ಐಪಿಆರ್‌ಎಸ್ ಲೈಸೆನ್ಸ್ ಇದೆ ಅಂತ ಕಂಪನಿಯ ಸಿ.ಡಿ. ಹಾಕಿದರೆ ಮೂರನೇ ಬಾಗಿಲು ತಟ್ಟದೇ ಒಳಗೆ ಹೋದ ಹಾಗೆ.

ಎಫ್‌ಎಂನವರಿಗೆ ಒಂದು ಅನುಕೂಲ ಇದೆ, ನಮಗಿಲ್ಲ. 2012ರ ತಿದ್ದುಪಡಿಯಲ್ಲಿ 31ಡಿ ಅನ್ನುವ ಕಲಮು ಬಂತು. ಮುಂಚೆಯೇ ನೋಟಿಸ್ ಕೊಟ್ಟು, ನಿಗದಿಯಾದ ದರ ಕಟ್ಟಿದರೆ ಮಾಲೀಕರ ಒಪ್ಪಿಗೆಗೆ ಕಾಯದೆ ಪ್ರಸಾರ ಮಾಡಬಹುದು. ಇಂಟರ್ನೆಟ್‌ಗೂ ಇದು ಅನ್ವಯಿಸುತ್ತದೆ ಅಂತ 2016ರಲ್ಲಿ ಕೇಂದ್ರ ಸರ್ಕಾರದ ಇಲಾಖೆ ಒಂದು ಟಿಪ್ಪಣಿ ಹೊರಡಿಸಿತ್ತು. ಆದರೆ ಟಿಪ್ಸ್ ಅನ್ನುವ ಮ್ಯೂಸಿಕ್ ಕಂಪನಿ ಮತ್ತು ವಿಂಕ್ ಅನ್ನುವ ಹಾಡಿನ ಆ್ಯಪ್ ನಡುವಿನ ಕೇಸಿನಲ್ಲಿ ಬಾಂಬೆ ಹೈಕೋರ್ಟ್ 2019ರ ಏಪ್ರಿಲ್‌ನಲ್ಲಿ, ಆ ಕಲಮು ರೇಡಿಯೋ, ಟಿವಿಗೆ ಮಾತ್ರ, ಇಂಟರ್ನೆಟ್‌ಗೆ ಇಲ್ಲ ಅಂದಿತು. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅದು ದೊಡ್ಡ ಕಂಪನಿಗಳ ಜಗಳ, ನಿಜ. ಆದರೆ ನಮ್ಮಂಥವರಿಗೂ ಅದರಿಂದ ಒಂದು ಬಾಗಿಲು ಮುಚ್ಚಿತು. ನಾವು ಮಾಲೀಕರ ಜೊತೆ ಮಾತಾಡಿಯೇ ಒಪ್ಪಿಗೆ ಪಡೆಯಬೇಕು. ಚಿಕ್ಕ ಇಂಟರ್ನೆಟ್ ರೇಡಿಯೋಗಳಿಗೆ ಕೈಗೆಟುಕುವ ಒಂದು ನಿಗದಿತ ದರ ಇರಲೇಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ನಾನು ಹಿಡಿದದ್ದು ನೇರ ದಾರಿ. ಮೊದಲು ಹೋದದ್ದು ತ್ಯಾಗರಾಜನಗರದ ಒಬ್ಬ ಹಿರಿಯ ಗಾಯಕರ ಮನೆಗೆ. ಎಂಬತ್ತರ ದಶಕದಲ್ಲಿ ಅವರ ಎರಡು ಕ್ಯಾಸೆಟ್ ಬಂದಿದ್ದವು. "ನನ್ನ ಹಾಡು ತಾನೇ, ಎಷ್ಟು ಬೇಕಾದರೂ ಹಾಕಪ್ಪಾ" ಅಂದರು. ನಾನು ಹಳೇ ಒಪ್ಪಂದ ಇದೆಯಾ ಅಂತ ಕೇಳಿದೆ. ಟ್ರಂಕಿನ ತಳದಿಂದ ಮಡಿಕೆ ಬಿದ್ದ ಒಂದು ಹಾಳೆ ತೆಗೆದರು. ಮಡಿಕೆ ಇದ್ದ ಕಡೆ ಅಕ್ಷರ ಅಳಿಸಿ ಹೋಗಿತ್ತು. ಉಳಿದದ್ದು ಸ್ಪಷ್ಟವಾಗಿತ್ತು: ಒಂದು ಸಲದ ಸಂಭಾವನೆ, ಪೂರ್ತಿ ಹಕ್ಕು ಕಂಪನಿಗೆ. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಕಂಪನಿ ಈಗ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. ಕಂಪನಿ ಮುಚ್ಚಿದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ, ಅದು ಯಾರಿಗೋ ಹೋಗಿರುತ್ತದೆ.

"ಹಂಗಾದರೆ ಹೊಸದಾಗಿ ಹಾಡ್ತೀನಿ" ಅಂದವರು ಅವರೇ. ಶರೀಫರ ಆರು ಪದಗಳಿಗೆ ಅವರದೇ ಸ್ವಂತ ಧಾಟಿ ಇತ್ತು, ಯಾವ ಕ್ಯಾಸೆಟ್‌ನಲ್ಲೂ ಬಂದಿರಲಿಲ್ಲ. ಮುಂದಿನ ಶನಿವಾರ ಮೈಕ್ ತೆಗೆದುಕೊಂಡು ಹೋದೆ. ಫ್ಯಾನ್ ಆಫ್ ಮಾಡಿ, ಫ್ರಿಜ್ಜಿನ ಪ್ಲಗ್ ಕಿತ್ತು, ಹಾರ್ಮೋನಿಯಂ ಮುಂದೆ ಕೂತು ಹಾಡಿದರು. ಪದ ಎಲ್ಲರದು, ಧಾಟಿ ಅವರದು, ಧ್ವನಿಮುದ್ರಣವೂ ಅವರದೇ ಅಂತ ಬರೆದೆವು. ಇದನ್ನು ಬರೆಯಲೇಬೇಕು, ಯಾಕೆಂದರೆ ರೆಕಾರ್ಡ್ ಮಾಡಿಸಿದವರೇ ಮಾಲೀಕರು ಅಂತ ಕಾನೂನು ನೋಡುತ್ತದೆ. ನಾನು ಮೈಕ್ ಹಿಡಿದ ಮಾತ್ರಕ್ಕೆ ಅವರ ಹಾಡು ನನ್ನದಾಗುವುದು ನನಗೆ ಬೇಡವಾಗಿತ್ತು. ಮೂರು ಬಾಗಿಲಿಗೂ ಒಂದೇ ಸಹಿ ಸಾಕಾಯಿತು.

ಒಪ್ಪಿಗೆ ಪತ್ರ ಒಂದೂವರೆ ಪುಟ, ಕನ್ನಡದಲ್ಲೇ. ಬಾಯಿಮಾತು ನಡೆಯುವುದಿಲ್ಲ, ಲೈಸೆನ್ಸ್ ಬರಹದಲ್ಲೇ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ನನ್ನ ಮೊದಲ ಪತ್ರದಲ್ಲಿ ಎರಡು ವಿಷಯ ಬಿಟ್ಟುಹೋಗಿದ್ದವು, ನೀವು ಬಿಡಬೇಡಿ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇಂಟರ್ನೆಟ್ ರೇಡಿಯೋಗೆ ಎರಡನೆಯದು ತುಂಬಾ ದೊಡ್ಡ ವಿಷಯ, ಅಲ್ವಾ? ಈಗ ನನ್ನ ಪತ್ರದಲ್ಲಿ "ಪ್ರಪಂಚದ ಎಲ್ಲ ದೇಶಗಳಿಗೆ, ಇಂಟರ್ನೆಟ್ ಪ್ರಸಾರಕ್ಕೆ" ಅನ್ನುವ ಸಾಲು ಇದೆ.

ಹೊಸ ಕಲಾವಿದರನ್ನು ಕಂಡಾಗ ನನ್ನ ಮೊದಲ ಪ್ರಶ್ನೆ, "ನೀವು ಐಪಿಆರ್‌ಎಸ್ ಸದಸ್ಯರಾ?" ಸದಸ್ಯರಾಗುವಾಗ ಪ್ರಸಾರದ ಹಕ್ಕನ್ನು ಸಂಸ್ಥೆಗೆ ವಹಿಸಿಕೊಟ್ಟಿರುತ್ತಾರೆ. ಆಮೇಲೆ ಅವರು ಪ್ರೀತಿಯಿಂದ ಕೊಡುವ ಒಪ್ಪಿಗೆ ಧ್ವನಿಮುದ್ರಣಕ್ಕೆ ಸಾಕು, ಸಾಹಿತ್ಯ ಮತ್ತು ರಾಗಕ್ಕೆ ಸಾಲದು. ಸದಸ್ಯರಲ್ಲದವರಿಗೆ ಸದಸ್ಯರಾಗಿ ಅಂತ ನಾನೇ ಹೇಳುತ್ತೇನೆ. ನನಗೆ ಕೆಲಸ ಜಾಸ್ತಿಯಾಗುತ್ತದೆ, ಆದರೆ ಬೇರೆ ಕಡೆ ಅವರ ಹಾಡು ಬಂದಾಗ ಅವರಿಗೆ ದುಡ್ಡು ಬರಬೇಕು. ಸಿನಿಮಾಗೆ ಬರೆದವರಿಗೂ ಥಿಯೇಟರ್ ಆಚೆಗಿನ ಬಳಕೆಯಲ್ಲಿ ರಾಯಲ್ಟಿ ಪಾಲು ಬಿಟ್ಟುಕೊಡಲು ಆಗದ ಹಾಗೆ 2012ರ ತಿದ್ದುಪಡಿ ಮಾಡಿದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಹೊರದೇಶದ ಕೇಳುಗರ ಮಾತು ಚಿಕ್ಕದಾಗಿ. ಅಮೆರಿಕದಲ್ಲಿ ಇಂಟರ್ನೆಟ್ ರೇಡಿಯೋಗೆ ಕಾನೂನೇ ಕೊಟ್ಟ ಲೈಸೆನ್ಸ್ ಇದೆ, ಧ್ವನಿಮುದ್ರಣದ ದುಡ್ಡನ್ನು ಸೌಂಡ್‌ಎಕ್ಸ್‌ಚೇಂಜ್ ಸಂಗ್ರಹಿಸುತ್ತದೆ. ಮೂರು ಗಂಟೆಯಲ್ಲಿ ಒಂದೇ ಆಲ್ಬಮ್‌ನಿಂದ 3 ಹಾಡಿಗಿಂತ ಜಾಸ್ತಿ ಹಾಕಬಾರದು ಅನ್ನುವಂಥ ನಿಯಮಗಳಿವೆ. ಅದು ಅಲ್ಲಿನ ಕೇಳುಗರಿಗೆ, ಅಲ್ಲಿನ ಕಾನೂನು. ಇಲ್ಲಿ ನಡೆಯುವುದಿಲ್ಲ. ನನ್ನ ಹತ್ತಿರ ಭಾರತಕ್ಕೆ ಮಾತ್ರ ಒಪ್ಪಿಗೆ ಇರುವ ಹಾಡುಗಳನ್ನು ಬೇರೆ ಸ್ಟ್ರೀಮ್‌ಗೆ ಹಾಕಿ, ಅದಕ್ಕೆ ದೇಶವಾರು ತಡೆ ಹಾಕಿದ್ದೇನೆ. ಅಜುರಾಕಾಸ್ಟ್‌ನಲ್ಲೇ ಆ ಸೌಲಭ್ಯ ಇದೆ.

ಕೊನೆಗೆ ಲಾಗ್. ಯಾವ ಹಾಡು, ಯಾವ ಹೊತ್ತಿಗೆ, ಬರೆದವರು, ರಾಗ ಹಾಕಿದವರು, ಹಾಡಿದವರು, ಧ್ವನಿಮುದ್ರಣದ ಮಾಲೀಕರು, ಐಎಸ್‌ಆರ್‌ಸಿ ಸಂಖ್ಯೆ (ಒಂದೊಂದು ಧ್ವನಿಮುದ್ರಣಕ್ಕೂ ಕೊಡುವ ಗುರುತಿನ ಸಂಖ್ಯೆ) ಇದ್ದರೆ ಅದು, ಆಗ ಕೇಳುತ್ತಿದ್ದವರು ಎಷ್ಟು. ಹಾಡು ಅಪ್‌ಲೋಡ್ ಮಾಡುವಾಗಲೇ ಇಷ್ಟನ್ನೂ ತುಂಬಿದರೆ ಲಾಗ್ ತಾನಾಗಿಯೇ ಸಿದ್ಧವಾಗುತ್ತದೆ. ಆಮೇಲೆ ತುಂಬೋಣ ಅಂದರೆ ಆಗುವುದೇ ಇಲ್ಲ.

ಪ್ರತಿ ತಿಂಗಳ ಮೊದಲ ವಾರ ಅದನ್ನು ಬಿಡಿಸಿ ಕಲಾವಿದರಿಗೆ ಕಳಿಸುತ್ತೇನೆ. ತ್ಯಾಗರಾಜನಗರದ ಮನೆಗೆ ಮಾತ್ರ ಪ್ರಿಂಟ್ ತೆಗೆದು, ನಡೆದುಕೊಂಡೇ ಹೋಗಿ ಕೊಡುತ್ತೇನೆ. ಹೋದ ತಿಂಗಳು ಅವರ ಆರು ಪದ ಸೇರಿ 43 ಸಲ ಪ್ರಸಾರವಾಗಿದ್ದವು. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆಮೇಲೆ ಅದನ್ನು ಮಡಚದೆ, ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಇಟ್ಟರು.