ನವೋದಯ ಪರೀಕ್ಷೆಗೆ ಮುಂಚಿನ ಆರು ವಾರ: ಐದನೇ ತರಗತಿ ಲೆಕ್ಕವನ್ನು ನಾನು ತಿರುಗಿಸಿದ ಬಗೆ

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು ಟೀಚರ್. ಐದನೇ ತರಗತಿಯಿಂದ ಪ್ರತಿ ವರ್ಷ ಏಳೆಂಟು ಮಕ್ಕಳು ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರುತ್ತಾರೆ. ಮೊದಲ ವರ್ಷ ಪೇಟೆಯಿಂದ ದಪ್ಪನೆಯ ಗೈಡ್ ತಂದೆ. ಮಕ್ಕಳನ್ನು ಸಂಜೆ ಐದೂವರೆವರೆಗೆ ಕೂರಿಸಿದೆ. ಲಾಭ-ನಷ್ಟ, ಶೇಕಡಾ, ಸರಳ ಬಡ್ಡಿ ಅಂತ ದಿನಕ್ಕೊಂದು ಪಾಠ ಓಡಿಸಿದೆ. ಸೂತ್ರಗಳೆಲ್ಲ ಬಾಯಿಪಾಠ ಆದವು. ಯಾರೂ ಆಯ್ಕೆ ಆಗಲಿಲ್ಲ.

ಅದಕ್ಕೆ ಅಷ್ಟೇನೂ ಬೇಜಾರಾಗಲಿಲ್ಲ. ಒಂದು ನವೋದಯದಲ್ಲಿ ಆರನೇ ತರಗತಿಗೆ ಸೀಟು ಹೆಚ್ಚೆಂದರೆ 80. ಬರೆಯುವವರು ಇಡೀ ಜಿಲ್ಲೆಯ ಮಕ್ಕಳು. ಬೇಜಾರಾಗಿದ್ದು ಬೇಸಿಗೆ ರಜೆಯಲ್ಲಿ, ಮನೆಯಲ್ಲಿ ಉಳಿದಿದ್ದ ಹಳೇ ಅಭ್ಯಾಸದ ಹಾಳೆಗಳನ್ನು ಬಿಸಾಡೋಣ ಅಂತ ತೆಗೆದಾಗ. ಸುಮ್ನೆ ಕಣ್ಣಾಡಿಸಿದೆ. ಬಡ್ಡಿ ಲೆಕ್ಕದಲ್ಲಿ ಸೂತ್ರ ಸರಿ ಇದೆ, ಬೆಲೆ ಹಾಕಿದ್ದು ಸರಿ ಇದೆ, ಕೊನೆಯಲ್ಲಿ ಭಾಗಿಸುವಾಗ ಒಂದು ಸೊನ್ನೆ ಮಾಯ. ಲಾಭದ ಲೆಕ್ಕದಲ್ಲಿ ಕಳೆಯುವುದೇ ತಪ್ಪು. ನಾನು ಐದನೇ ತರಗತಿ ಪಾಠ ಮಾಡುತ್ತಿದ್ದೆ, ಮಕ್ಕಳು ಎಡವುತ್ತಿದ್ದದ್ದು ಮೂರನೇ ತರಗತಿ ಲೆಕ್ಕದಲ್ಲಿ.

ಮುಂದಿನ ಪರೀಕ್ಷೆ 2025ರ ಜನವರಿ 18ಕ್ಕೆ ಇತ್ತು. ಡಿಸೆಂಬರ್ ಮೊದಲ ವಾರ ಗೈಡನ್ನು ಬೀರುವಿಗೆ ಹಾಕಿದೆ. ಹನ್ನೆರಡೇ ಲೆಕ್ಕದ ಒಂದು ಹಾಳೆ ಮಾಡಿದೆ. ಆಯ್ಕೆ ಉತ್ತರ ಕೊಡಲಿಲ್ಲ. ಪೂರ್ತಿ ಬಿಡಿಸಿ ತೋರಿಸಬೇಕು, ಅಳಿಸುವ ಹಾಗಿಲ್ಲ. ಅಳಿಸಿದರೆ ತಪ್ಪು ಎಲ್ಲಿ ಆಯಿತು ಅಂತ ನನಗೆ ಕಾಣುವುದಿಲ್ಲ, ಅಲ್ವಾ?

ಆ ಹಾಳೆಯಿಂದ ಕಲಿತದ್ದು ನನಗೆ ಟೀಚರ್ ತರಬೇತಿಯಲ್ಲೂ (ಡಿ.ಇಡಿ.) ಸಿಕ್ಕಿರಲಿಲ್ಲ. 5003ರಲ್ಲಿ 1278 ಕಳೆಯಿರಿ ಅಂದರೆ ಎಂಟು ಮಕ್ಕಳಲ್ಲಿ ಮೂರು ಮಂದಿಯ ಉತ್ತರ 4275. ಮೂವರಿಗೂ ಅದೇ ಉತ್ತರ! ನಕಲು ಹೊಡೆದಿದ್ದಾರೆ ಅಂದುಕೊಂಡೆ. ಆಮೇಲೆ ನೋಡಿದರೆ, ಮೇಲಿನ ಅಂಕಿ ಚಿಕ್ಕದಿದ್ದ ಕಡೆಯೆಲ್ಲ ಕೆಳಗಿನದರಿಂದ ಮೇಲಿನದನ್ನು ಕಳೆದಿದ್ದಾರೆ. ಸೊನ್ನೆ ಬಂದರೆ ದಶಕ ಯಾರಿಂದ ತರುವುದು ಅಂತ ಗೊತ್ತಿಲ್ಲ, ಅದಕ್ಕೆ ತಿರುಗಿಸಿ ಕಳೆಯುತ್ತಾರೆ. 4012ನ್ನು 4ರಿಂದ ಭಾಗಿಸಿದರೆ ಒಬ್ಬನಿಗೆ 13, ಇನ್ನೊಬ್ಬಳಿಗೆ 103. ಸರಿ ಉತ್ತರ 1003. "ಸೊನ್ನೆ ಅಂದರೆ ಏನೂ ಇಲ್ಲ ಅಲ್ವಾ ಮಿಸ್, ಅದಕ್ಕೇ ಬರೀಲಿಲ್ಲ" ಅಂದ ಆ ಹುಡುಗ. ಅವನ ಮಾತಲ್ಲಿ ತರ್ಕ ಇದೆ.

ಅವನಿಗೆ ದುಡ್ಡಿನಲ್ಲಿ ಕೊಟ್ಟೆ. 4012 ರೂಪಾಯಿಯನ್ನು ನಾಲ್ಕು ಜನ ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬನಿಗೆ 13 ರೂಪಾಯಿ ಬರುತ್ತಾ? ನಕ್ಕುಬಿಟ್ಟ. "ಸಾವಿರದ ಮೂರು." ಬಾಯಲ್ಲಿ ಗೊತ್ತಿದೆ, ಕೈಯಲ್ಲಿ ಬರುವುದಿಲ್ಲ. ಅವತ್ತಿನಿಂದ ಭಾಗಾಕಾರ ಶುರು ಮಾಡುವ ಮುಂಚೆ ಉತ್ತರಕ್ಕೆ ಎಷ್ಟು ಅಂಕಿ ಬರಬೇಕು ಅಂತ ಹೇಳಿಸಿದೆ. ಅಷ್ಟು ಮನೆ ಚುಕ್ಕಿ ಇಟ್ಟು ಆಮೇಲೆ ಭಾಗಿಸು. ಮನೆ ಖಾಲಿ ಉಳಿದರೆ ಅಲ್ಲಿ ಸೊನ್ನೆ ಕೂರಬೇಕು.

ಎಂಟು ಮಕ್ಕಳಿಗೂ ಒಂದೊಂದು ನಲವತ್ತು ಪುಟದ ಪುಸ್ತಕ ಕೊಟ್ಟೆ. ತಪ್ಪಿನ ಪುಸ್ತಕ ಅಂತ ಹೆಸರಿಟ್ಟೆವು. ದಿನಕ್ಕೆ ಹತ್ತು ಲೆಕ್ಕ, ಜಾಸ್ತಿ ಇಲ್ಲ. ಬಿಸಿಯೂಟ ಆದಮೇಲೆ ಇಪ್ಪತ್ತು ನಿಮಿಷ, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ. ತಪ್ಪಾದ ಲೆಕ್ಕವನ್ನು ಈ ಪುಸ್ತಕಕ್ಕೆ ಇಳಿಸಿ, ಪಕ್ಕದಲ್ಲಿ ಏಕೆ ತಪ್ಪಾಯಿತು ಅಂತ ಒಂದು ಸಾಲು ಬರೆಯಬೇಕು. "ಗಡಿಬಿಡಿ" ಅಂತ ಬರೆದರೆ ನಾನು ಒಪ್ಪುತ್ತಿರಲಿಲ್ಲ. "7×8 ಅನ್ನು 54 ಅಂದುಕೊಂಡೆ" ಅಂತ ಬರೆದರೆ ಒಪ್ಪುತ್ತಿದ್ದೆ. ಮೂರು ವಾರ ಕಳೆಯುವ ಹೊತ್ತಿಗೆ ಪ್ರತಿ ಮಗುವಿನದೂ ಮೂರೋ ನಾಲ್ಕೋ ತಪ್ಪು ಮಾತ್ರ ಸುತ್ತಿ ಸುತ್ತಿ ಬರುತ್ತಿದೆ ಅಂತ ಕಂಡಿತು. ಹಾಗಾಗಿ ಎಂಟು ಜನಕ್ಕೂ ಒಂದೇ ಪಾಠ ಮಾಡುವುದನ್ನು ಬಿಟ್ಟೆ.

ಭಿನ್ನರಾಶಿಯ ಮೇಲೆ ಹೆಚ್ಚು ದಿನ ಕೂತೆವು. ಮೂರನೇ ಎರಡಕ್ಕೆ ನಾಲ್ಕನೇ ಒಂದು ಕೂಡಿಸಿದರೆ ಏಳನೇ ಮೂರು ಅಂತ ಐದು ಮಕ್ಕಳು ಬರೆದಿದ್ದರು. ಅಂಶಕ್ಕೆ ಅಂಶ, ಛೇದಕ್ಕೆ ಛೇದ. ನಿಯಮ ಮತ್ತೆ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: ಮೂರನೇ ಎರಡು ಅಂದರೆ ಅರ್ಧ ರೊಟ್ಟಿಗಿಂತ ಜಾಸ್ತಿನಾ ಕಮ್ಮಿನಾ? ಜಾಸ್ತಿ. ಏಳನೇ ಮೂರು? ಸ್ವಲ್ಪ ಯೋಚಿಸಿ, ಕಮ್ಮಿ ಅಂದರು. ಅರ್ಧಕ್ಕಿಂತ ಜಾಸ್ತಿ ಇದ್ದ ರೊಟ್ಟಿಗೆ ಇನ್ನೂ ಚೂರು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಆಗುತ್ತಾ? ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಹಿಂದಿನ ಸಾಲಿನ ಹುಡುಗಿ ಮಾತ್ರ "ಹಂಗಾದ್ರೆ ಯಾರೋ ತಿಂದವ್ರೆ ಮಿಸ್" ಅಂದಳು.

ಅರ್ಧದ ಜೊತೆ ಹೋಲಿಸಿ ನೋಡುವ ಈ ಅಭ್ಯಾಸ ದಶಮಾಂಶಕ್ಕೂ ಒದಗಿತು. 0.8 ದೊಡ್ಡದೋ 0.35 ದೊಡ್ಡದೋ ಅಂದರೆ ಮೊದಲು 35 ಅನ್ನುತ್ತಿದ್ದರು. ಎಂಬತ್ತು ಪೈಸೆ, ಮೂವತ್ತೈದು ಪೈಸೆ ಅಂತ ಓದಿಸಲು ಹೋದೆ, ಈಗಿನ ಮಕ್ಕಳು ಪೈಸೆಯನ್ನೇ ನೋಡಿಲ್ಲ! ಮೀಟರ್ ಪಟ್ಟಿ ಹಿಡಿದು 80 ಸೆಂಟಿಮೀಟರ್ ಅರ್ಧ ಮೀಟರಿಗಿಂತ ಜಾಸ್ತಿ, 35 ಸೆಂಟಿಮೀಟರ್ ಕಮ್ಮಿ ಅಂತ ತೋರಿಸಿದ ಮೇಲೆ ಸರಿಹೋಯಿತು. ಒಬ್ಬ ಹುಡುಗನ ಅಜ್ಜಿಗೆ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಇನ್ನೂ ಬಾಯಲ್ಲಿದೆ. ಏಳು ಸಲ ಮುಕ್ಕಾಲು ಎಷ್ಟು ಅಂದರೆ ತಡವರಿಸದೆ ಐದೂಕಾಲು ಅನ್ನುತ್ತಾರೆ. ನಮ್ಮಲ್ಲಿ ಇದನ್ನು ಬಿಟ್ಟಿದ್ದು ನಷ್ಟ ಅಂತಲೇ ನನಗೆ ಅನಿಸುತ್ತದೆ.

ಲ.ಸಾ.ಅ., ಮ.ಸಾ.ಅ. ಗೊಂದಲಕ್ಕೆ ಅರ್ಧ ಕಾರಣ ಹೆಸರೇ. ಲಘುತಮ ಅಂತ ಶುರುವಾಗುತ್ತೆ, ಉತ್ತರ ನೋಡಿದರೆ ದೊಡ್ಡದು. ಮಹತ್ತಮ ಅನ್ನುತ್ತೆ, ಉತ್ತರ ಚಿಕ್ಕದು. ಕೊನೆಯ 'ಅ' ಒಂದರಲ್ಲಿ ಅಪವರ್ತ್ಯ, ಇನ್ನೊಂದರಲ್ಲಿ ಅಪವರ್ತನ. ಹತ್ತು ವರ್ಷದ ಮಗು ಏನು ಮಾಡಬೇಕು? ನಾನು ಹೆಸರನ್ನು ಬದಿಗಿಟ್ಟೆ. ಒಂದು ಬಸ್ಸು 12 ನಿಮಿಷಕ್ಕೊಮ್ಮೆ, ಇನ್ನೊಂದು 18 ನಿಮಿಷಕ್ಕೊಮ್ಮೆ ಹೊರಟರೆ ಮತ್ತೆ ಜೊತೆಯಾಗಿ ಹೊರಡುವುದು ಯಾವಾಗ? 36 ನಿಮಿಷಕ್ಕೆ. ಇದು ಕಾಯುವ ಲೆಕ್ಕ. 24 ಮೀಟರ್ ಮತ್ತು 36 ಮೀಟರ್ ಹಗ್ಗವನ್ನು ಏನೂ ಉಳಿಯದ ಹಾಗೆ ಸಮ ತುಂಡು ಮಾಡಿದರೆ ತುಂಡು ಎಷ್ಟು ಉದ್ದ ಇರಬಹುದು? ಹೆಚ್ಚೆಂದರೆ 12. ಇದು ಕತ್ತರಿಸುವ ಲೆಕ್ಕ. ಪ್ರಶ್ನೆ ಓದಿದ ತಕ್ಷಣ "ಕಾಯೋದಾ, ಕತ್ತರಿಸೋದಾ" ಅಂತ ಕೇಳಿಕೊಳ್ಳುವುದು ಅವರಿಗೆ ಆಟವಾಯಿತು.

ಅಳತೆಗೆ ಪುಸ್ತಕ ಬೇಕಾಗಲಿಲ್ಲ. ಶಾಲೆಯ ಕ್ಷೀರಭಾಗ್ಯದ ಹಾಲು ಇದೆಯಲ್ಲ. ಒಬ್ಬರಿಗೆ 150 ಮಿಲಿಲೀಟರ್, ಅದಕ್ಕೆ 18 ಗ್ರಾಂ ಪುಡಿ. ಇವತ್ತು 42 ಮಕ್ಕಳು ಬಂದಿದ್ದಾರೆ, ಎಷ್ಟು ಹಾಲು? 6300 ಮಿಲಿಲೀಟರ್ ಬಂತು, ಲೀಟರ್ ಮಾಡುವಾಗ ಒಬ್ಬಳು 63 ಲೀಟರ್ ಅಂದಳು. ಅಡುಗೆ ಅಕ್ಕ ಪಾತ್ರೆ ತೋರಿಸಿ "ಇದ್ರಲ್ಲಿ ಹಿಡಿಯತ್ತೇನವ್ವ?" ಅಂದರು. ನನ್ನ ಪಾಠಕ್ಕಿಂತ ಅದೇ ಚೆನ್ನಾಗಿ ತಲೆಗೆ ಹೋಯಿತು. ಸುತ್ತಳತೆ, ವಿಸ್ತೀರ್ಣ ಎರಡು ದಿನದಲ್ಲಿ ಮುಗಿಯಿತು. ಶೇಕಡಾಕ್ಕೂ ಅಷ್ಟೇ ಸಾಕಾಯಿತು. ಕೊಬ್ಬರಿ ಬೆಳೆಯುವವರ ಮಕ್ಕಳು, ಕ್ವಿಂಟಲ್ ಅಂದರೆ ನೂರು ಕೆ.ಜಿ. ಅಂತ ಹೇಳಿಕೊಡಬೇಕಾಗಿಲ್ಲ. ಶೇಕಡಾ ಅಂದರೆ ಕ್ವಿಂಟಲಿಗೆ ಎಷ್ಟು ಕೆ.ಜಿ. ಅಂದ ಹಾಗೆಯೇ.

ಕೊನೆಯ ಹತ್ತು ದಿನ ಮಾತ್ರ ಆಯ್ಕೆ ಉತ್ತರದ ಪ್ರಶ್ನೆಗಳು. ಈ ಪರೀಕ್ಷೆಯಲ್ಲಿ ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ ಲೆಕ್ಕದ್ದು 20 ಪ್ರಶ್ನೆ, 25 ಅಂಕ, ಅರ್ಧ ಗಂಟೆ. ಒಂದಕ್ಕೆ ಒಂದೂವರೆ ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಮಕ್ಕಳಿಗೆ ನಾನು ಒತ್ತಿ ಹೇಳಿದ್ದು ಇನ್ನೊಂದು. ನಾಲ್ಕು ಆಯ್ಕೆಯಲ್ಲಿ ಏಳನೇ ಮೂರು ಖಂಡಿತ ಇರುತ್ತದೆ! ನೀವು ಎಲ್ಲಿ ತಪ್ಪುತ್ತೀರಿ ಅಂತ ಪ್ರಶ್ನೆ ಮಾಡಿದವರಿಗೆ ಗೊತ್ತು. ನಿಮ್ಮ ಉತ್ತರ ಅಲ್ಲಿ ಸಿಕ್ಕಿತು ಅಂತ ಖುಷಿಪಡಬೇಡಿ. 48×52 ಬಂದರೆ 50×50ರ ಹತ್ತಿರ, 2500ರ ಆಸುಪಾಸು, ಕೊನೆಯ ಅಂಕಿ 6. ಇಷ್ಟರಲ್ಲೇ 2496 ಬಿಟ್ಟು ಉಳಿದವು ಸಾಮಾನ್ಯವಾಗಿ ಉದುರಿಹೋಗುತ್ತವೆ.

ಉತ್ತರದ ವೃತ್ತವನ್ನು ಪೆನ್ನಿನಲ್ಲಿ ತುಂಬುವ ಓಎಂಆರ್ ಹಾಳೆಯನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಪೆನ್ಸಿಲ್ ನಡೆಯುವುದಿಲ್ಲ, ಬಾಲ್ ಪೆನ್ನೇ ಬೇಕು, ತಿದ್ದುವ ಹಾಗಿಲ್ಲ. ಜೆರಾಕ್ಸ್ ಮಾಡಿಸಿ ಕೊಟ್ಟ ಮೊದಲ ದಿನವೇ ಚೆನ್ನಾಗಿ ಲೆಕ್ಕ ಮಾಡುವ ಹುಡುಗಿ ಒಂಬತ್ತನೇ ಪ್ರಶ್ನೆ ಬಿಟ್ಟು ಹತ್ತನೆಯದರ ಉತ್ತರವನ್ನು ಒಂಬತ್ತರಲ್ಲಿ ತುಂಬಿದಳು. ಅಲ್ಲಿಂದ ಮುಂದೆ ಎಲ್ಲವೂ ಒಂದು ಮನೆ ಮೇಲೆ. ಉತ್ತರವೆಲ್ಲ ಗೊತ್ತಿತ್ತು, ಅಂಕ ಮಾತ್ರ ಎಂಟು. ಅವಳು ಅತ್ತಳು, ನನಗೂ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಆಮೇಲೆ ಪ್ರತಿ ಐದು ಪ್ರಶ್ನೆಗೆ ನಿಂತು ಸಂಖ್ಯೆ ತಾಳೆ ನೋಡುವುದನ್ನು ರೂಢಿ ಮಾಡಿದೆವು.

ಆ ವರ್ಷ ಅವಳೊಬ್ಬಳು ಆಯ್ಕೆಯಾದಳು. ನನ್ನ ಆರು ವಾರದಿಂದಲೇ ಅಂತ ನಾನು ಹೇಳುವುದಿಲ್ಲ, ಅವಳು ಮೊದಲಿಂದಲೂ ಚುರುಕು. ನನಗೆ ಹೆಚ್ಚು ಸಮಾಧಾನ ತಂದದ್ದು 13 ಬರೆದಿದ್ದ ಹುಡುಗನ ತಪ್ಪಿನ ಪುಸ್ತಕ. ಜನವರಿಯಲ್ಲಿ ಅವನ ಭಾಗಾಕಾರದ ತಪ್ಪು ಒಂದೂ ಇರಲಿಲ್ಲ. ಇಬ್ಬರು ಮಾತ್ರ ಕೊನೆವರೆಗೂ "ಅಣ್ಣನ ಹತ್ತಿರ 45 ಗೋಲಿ, ಇದು ತಮ್ಮನ ಗೋಲಿಗಿಂತ 12 ಹೆಚ್ಚು" ಎಂಬ ಥರದ ಪ್ರಶ್ನೆಗೆ ಕೂಡಿಸುತ್ತಲೇ ಇದ್ದರು. ತಮ್ಮನ ಹತ್ತಿರ 33 ಅನ್ನುವ ಬದಲು 57. ಹೆಚ್ಚು ಅನ್ನುವ ಪದ ಕಂಡರೆ ಸಾಕು, ಕೂಡಿಸುತ್ತಾರೆ. ಅದನ್ನು ಸರಿಮಾಡಲು ನನ್ನಿಂದ ಆಗಲಿಲ್ಲ. ಅದು ಲೆಕ್ಕದ ತೊಂದರೆ ಅಲ್ಲ, ಓದಿನದು, ಅದಕ್ಕೆ ಆರು ವಾರ ಸಾಲದು. ಈಗ ಹನ್ನೆರಡು ಲೆಕ್ಕದ ಆ ಹಾಳೆಯನ್ನು ಜೂನ್‌ನಲ್ಲೇ ಕೊಡುತ್ತೇನೆ, ನಾಲ್ಕನೇ ತರಗತಿಯವರಿಗೂ. ಮೊದಲ ಪ್ರಶ್ನೆಯೇ ಗೋಲಿಯದು.