ತಮಟೆಯ ಪ್ರತಿ ಪೆಟ್ಟಿಗೂ ಬೆಳಕು: ಮಿನುಗಾಟ ನಿಂತಿದ್ದು ಹೀಗೆ

ನಾವು ಕೆಲವರು ಸೇರಿ ನಡೆಸುವ ಸ್ಟುಡಿಯೋದಲ್ಲಿ ಗೆಳೆಯ ತಮಟೆ ಬಾರಿಸುತ್ತಾನೆ. ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಸೆನ್ಸರ್ ಪೆಟ್ಟು ಹಿಡಿದರೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಅದನ್ನು ಎಲ್‌ಇಡಿ ಪಟ್ಟಿಯ ಬೆಳಕಾಗಿಸುತ್ತದೆ. ಆದರೆ ಪಟ್ಟಿ ಮನಬಂದಂತೆ ಮಿನುಗುತ್ತಿತ್ತು. ಗೆಳತಿ ಪೀಜೋ ಬಿಚ್ಚಿ, ಬರೀ ಕೆಂಪು ಬಣ್ಣ ಕಳಿಸಿ ನೋಡಿದಳು. ಆಗಲೂ ಮಿನುಗು! ಅಂದರೆ ತಪ್ಪು ಪೀಜೋದ್ದಲ್ಲ. ಹುಡುಕಾಟಕ್ಕೆ ದಾರಿ ಸಿಕ್ಕಿದ್ದೇ ಅಲ್ಲಿ.

ನಮ್ಮದು 5 ವೋಲ್ಟಿನಲ್ಲಿ ನಡೆಯುವ ಡಬ್ಲ್ಯುಎಸ್2812ಬಿ ಎಂಬ ಬಗೆಯ ಎಲ್‌ಇಡಿ ಪಟ್ಟಿ. ಅದಕ್ಕೆ ಬಣ್ಣದ ಆದೇಶ ಒಯ್ಯುವ ಡೇಟಾ ತಂತಿಯಲ್ಲಿ ಸುಮಾರು 3.5 ವೋಲ್ಟ್ ಬೇಕು. ಇಎಸ್‌ಪಿ32 ಕೊಡುವುದು 3.3 ಮಾತ್ರ. ಅದಕ್ಕೇ ನಡುವೆ ವೋಲ್ಟ್ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿ ಸಿಗ್ನಲ್ಲನ್ನು 5 ವೋಲ್ಟಿಗೆ ಏರಿಸಿದೆವು. ಸಿಗ್ನಲ್ ಕದಡದಿರಲು ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ವೋಲ್ಟಿನ ಏರಿಳಿತ ತಗ್ಗಿಸಲು ಪವರ್ ತಂತಿಗಳ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆವು. ಬೋರ್ಡು, ಪಟ್ಟಿ ಎರಡರ ಗ್ರೌಂಡ್ (ಮೈನಸ್ ತಂತಿ) ಕೂಡಿರಲೇಬೇಕು. ಮಿನುಗು ನಿಂತಿತು. ಈಗ ಮೆಲ್ಲನೆಯ ಪೆಟ್ಟಿಗೊಂದು, ಜೋರು ಪೆಟ್ಟಿಗೊಂದು ಬಣ್ಣ ಹುಡುಕುತ್ತಿದ್ದೇವೆ.